ಜಾಮೀನು ಸಿಕ್ಕಿತು, ಜಾಮೀನುದಾರ ಸಿಗಲಿಲ್ಲ: ನಾಲ್ಕು ಊರಿನ ವಕೀಲರಿಗೆ ಒಂದು ಬಹಿರಂಗ ಪತ್ರ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದ ನ್ಯಾಯಾಲಯಗಳಲ್ಲಿ ವೃತ್ತಿ ನಡೆಸುತ್ತಿರುವ ವಕೀಲರಿಗೆ,



ನಾನು ಈ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಕಾನೂನು ಓದಿದವನಲ್ಲ. ನಿಮ್ಮಲ್ಲಿ ಕೆಲವರು ನನ್ನ ತರಗತಿಯಲ್ಲಿ ಕೂತು ಪಾಠ ಕೇಳಿದವರು, ಈಗ ಬೀದಿಯಲ್ಲಿ ಸಿಕ್ಕರೆ ಗಾಡಿ ನಿಲ್ಲಿಸಿ ಮಾತನಾಡಿಸುವವರು. ಆ ಸಲುಗೆಯ ಮೇಲೆ ಬರೆಯುತ್ತಿದ್ದೇನೆ.

ವಿಷಯ ಜೈಲಿನದು. ಜೈಲಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮಂತ್ರಿಗಳಿಗೆ ಬರೆಯುತ್ತಾರೆ, ಇಲ್ಲವೇ ಕಾರಾಗೃಹ ಇಲಾಖೆಗೆ. ಕೇಂದ್ರ ಕಾರಾಗೃಹದಲ್ಲಿ ಹೆಸರುವಾಸಿ ಆರೋಪಿಯೊಬ್ಬರು ಕುರ್ಚಿ ಹಾಕಿಕೊಂಡು ಕೂತ ಫೋಟೋ ಹೊರಬಿದ್ದರೆ ರಾಜ್ಯಕ್ಕೆ ರಾಜ್ಯವೇ ನಾಲ್ಕು ದಿನ ಜೈಲಿನ ಮಾತಾಡುತ್ತದೆ. ನಮ್ಮ ಹಾಸನದ ಜಿಲ್ಲಾ ಕಾರಾಗೃಹದಂಥ ಕಡೆ ಹೆಸರಿಲ್ಲದ ಹುಡುಗರು ತಿಂಗಳುಗಟ್ಟಲೆ ಕೂತಿರುವುದು ಯಾವ ಸುದ್ದಿಯೂ ಆಗುವುದಿಲ್ಲ. ಜೈಲಿನ ಅಧೀಕ್ಷಕರಿಗೆ ಬಾಗಿಲಲ್ಲಿ ನಿಂತು 'ಜಾಗ ಇಲ್ಲ, ವಾಪಸ್ ಕರೆದುಕೊಂಡು ಹೋಗಿ' ಎನ್ನುವ ಅಧಿಕಾರವಿಲ್ಲ. 'ಇವನು ಇಷ್ಟು ದಿನ ಇದ್ದದ್ದು ಸಾಕು' ಎಂದು ಬಿಡುವ ಅಧಿಕಾರವೂ ಇಲ್ಲ. ಒಳಗೆ ಎಷ್ಟು ತಲೆ ಇರಬೇಕು ಎನ್ನುವುದು ನಿಮ್ಮ ನಾಲ್ಕು ಊರಿನ ಕೋರ್ಟ್ ಹಾಲುಗಳಲ್ಲಿ ತೀರ್ಮಾನವಾಗುತ್ತದೆ. ಅದಕ್ಕೇ ಈ ಪತ್ರ ನಿಮಗೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ 2022ರ ಲೆಕ್ಕ ನಿಮ್ಮ ಕಣ್ಣಿಗೂ ಬಿದ್ದಿರುತ್ತದೆ. ದೇಶದ ಜೈಲುಗಳಲ್ಲಿ ಜಾಗ ಇದ್ದದ್ದು 4.36 ಲಕ್ಷ ಮಂದಿಗೆ, ಇದ್ದವರು 5.73 ಲಕ್ಷ. ನೂರು ಜನರ ಜಾಗದಲ್ಲಿ 131 ಮಂದಿ. ಸರಾಸರಿ ಎಂದರೆ ಹೀಗೆ. ಜಿಲ್ಲಾ ಕಾರಾಗೃಹಗಳನ್ನೇ ಬೇರೆಯಾಗಿ ನೋಡಿದರೆ ಇಕ್ಕಟ್ಟು ಇದಕ್ಕಿಂತ ಹೆಚ್ಚು. ಈ 5.73 ಲಕ್ಷದಲ್ಲಿ 4.34 ಲಕ್ಷ ಮಂದಿ, ಅಂದರೆ ನಾಲ್ವರಲ್ಲಿ ಮೂವರು, ವಿಚಾರಣಾಧೀನರು. ತಪ್ಪಿತಸ್ಥರೆಂದು ಯಾವ ನ್ಯಾಯಾಲಯವೂ ಇನ್ನೂ ಹೇಳದವರು. ಇವರಲ್ಲಿ ಮೂರನೇ ಎರಡರಷ್ಟು ಮಂದಿ ಹತ್ತನೇ ತರಗತಿ ದಾಟಿಲ್ಲ. ಮೇಷ್ಟ್ರಾಗಿದ್ದವನಿಗೆ ಈ ಕೊನೆಯ ಅಂಕಿ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತದೆ. ನಮ್ಮ ಹಾಜರಿ ಪುಸ್ತಕದಿಂದ ಎಂಟನೆಯಲ್ಲೋ ಒಂಬತ್ತನೆಯಲ್ಲೋ ಜಾರಿಹೋದ ಹೆಸರುಗಳು ಹಲವು ವರ್ಷಗಳ ನಂತರ ಬೇರೊಂದು ರಿಜಿಸ್ಟರಿನಲ್ಲಿ ಸಿಗುತ್ತಿವೆ.

ಕಣ್ಣಾರೆ ಕಂಡ ಒಂದು ಸಂಗತಿ ಹೇಳಬೇಕು. ಈ ನಾಲ್ಕರಲ್ಲಿ ಒಂದು ಊರಿನ ಕೋರ್ಟ್ ಆವರಣಕ್ಕೆ ನೋಟರಿ ಕೆಲಸಕ್ಕೆಂದು ಹೋಗಿದ್ದೆ. ಊರಿನ ಹೆಸರು ಬೇಡ, ಯಾವ ಊರಾದರೂ ಆಗಬಹುದಿತ್ತು. ಹೊಂಗೆ ಮರದ ಕೆಳಗೆ ಒಬ್ಬ ಹೆಂಗಸು ಕೂತಿದ್ದರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಕನ್ನಡಕ ಹಾಕಿಕೊಂಡ ನನ್ನನ್ನು ನೋಡಿ ಓದು ಬಲ್ಲವನೆಂದು ತಿಳಿದು ಕರೆದು, ಒಂದು ಕಾಗದ ಓದಿ ಹೇಳಲು ಕೇಳಿದರು. ಅದು ಮಗನ ಜಾಮೀನಿನ ಆದೇಶದ ನಕಲು. ಹುಡುಗ ಶುಂಠಿ ಹೊಲದಲ್ಲಿ ಕೂಲಿ ಮಾಡುತ್ತಿದ್ದವನು, ಪಂಪ್‌ಸೆಟ್ಟಿನ ಮೋಟಾರು ಕದ್ದ ಆರೋಪ. ಆದೇಶವಾಗಿ ತಿಂಗಳ ಮೇಲಾಗಿತ್ತು. ಐವತ್ತು ಸಾವಿರದ ಬಾಂಡು, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ. 'ಬೇಲಾಗೈತೆ ಅಂತಾರೆ ಮೇಷ್ಟ್ರೇ, ಹುಡ್ಗ ಮಾತ್ರ ಮನೆಗೆ ಬರ್ನಿಲ್ಲ' ಎಂದರು.

ಕವರಿನಲ್ಲಿ ಅವರ ತಮ್ಮನ ಪಹಣಿ, ಆಧಾರ್ ಜೆರಾಕ್ಸು, ರೇಷನ್ ಕಾರ್ಡು, ಎರಡು ಪಾಸ್‌ಪೋರ್ಟ್ ಸೈಜಿನ ಫೋಟೋ ಎಲ್ಲ ಇದ್ದವು. ತಮ್ಮ ಕೂಲಿ ಬಿಟ್ಟು ಎರಡು ಸಲ ಬಂದು ಹೋಗಿದ್ದನಂತೆ. ಪಹಣಿ ಬಿಡಿಸಿ ನೋಡಿದೆ. ಒಂದೂ ಚಿಲ್ಲರೆ ಎಕರೆ. ಹೆಸರು ಇನ್ನೂ ತೀರಿಕೊಂಡ ಅಜ್ಜನದೇ. ಪೌತಿ ಖಾತೆ ಆಗಿಲ್ಲ, ಐದು ಜನ ಹಕ್ಕುದಾರರು, ಅವರಲ್ಲಿ ಇಬ್ಬರು ಬೆಂಗಳೂರು ಸೇರಿದ್ದಾರೆ. ಇಂಥ ಪಹಣಿ ಹಿಡಿದವನು ಜಾಮೀನುದಾರನಾಗಿ ನಿಲ್ಲುವುದು ಹೇಗೆ? ಹಾಗೆಂದು ಇನ್ನಾರಾದರೂ ನಿಲ್ಲುತ್ತಾರೆಯೇ? ಕಳ್ಳತನದ ಕೇಸಿನ ಕೂಲಿ ಹುಡುಗನಿಗೆ ಪಹಣಿ ಒಡ್ಡುವ ಜಮೀನ್ದಾರ ಯಾವ ಊರಿನಲ್ಲೂ ಸಿಕ್ಕುವುದಿಲ್ಲ. 'ಆ ಟೀ ಅಂಗ್ಡಿ ತಾವು ಒಬ್ರು ನಿಂತವ್ರಲ್ಲ, ಅವ್ರು ಷೂರಿಟಿ ಕೊಡುಸ್ತಾರಂತೆ, ದುಡ್ಡು ಕೇಳ್ತಾರೆ' ಎಂದು ಆಕೆ ದನಿ ತಗ್ಗಿಸಿ ಹೇಳಿದರು. ದುಡ್ಡಿಗೆ ನಿಲ್ಲುವ ಇಂಥ ಜಾಮೀನುದಾರರನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಒಂದೇ ಪಹಣಿ ಎಷ್ಟು ಕೇಸುಗಳಿಗೆ ಓಡಾಡುತ್ತದೆ ಎಂಬುದನ್ನೂ ಬಲ್ಲಿರಿ. ಸ್ವಂತ ಸೋದರಮಾವನ ಸಾಚಾ ಕಾಗದ ನಡೆಯದೆ, ಬಾಡಿಗೆಗೆ ಬಂದವನ ಕಾಗದ ನಡೆಯುವ ಏರ್ಪಾಡಿನಲ್ಲಿ ಆರೋಪಿ ವಾಯಿದೆಗೆ ತಪ್ಪದೆ ಬರುತ್ತಾನೆಂಬ ಖಾತರಿ ಯಾರಿಗೆ ಸಿಕ್ಕಿತು?

ಇದು ಹೊಸ ಪ್ರಶ್ನೆಯೇನಲ್ಲ. 1978ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸದವನ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಿತ್ತು. ಮಧ್ಯಪ್ರದೇಶದವನು. ಜಾಮೀನು ಸಿಕ್ಕಿದ್ದರೂ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿದರು. ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅವನ ಜಾಮೀನನ್ನು ಒಪ್ಪಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1,000 ರೂಪಾಯಿಯ ಸ್ವಂತ ಮುಚ್ಚಳಿಕೆ ಸಾಕೆಂದು ಬಿಡಿಸಿದರು. ಆ ತೀರ್ಪಿನಲ್ಲಿ ಅವರು ನಮ್ಮವರನ್ನೂ ನೆನೆದಿದ್ದಾರೆ: ಒಬ್ಬ ಕನ್ನಡಿಗನೋ ಮಲಯಾಳಿಯೋ ದೂರದ ಬಸ್ತರಿನಲ್ಲೋ ದೆಹಲಿಯಲ್ಲೋ ಸಿಕ್ಕಿಬಿದ್ದರೆ ಸ್ಥಳೀಯ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂದು ಕೇಳಿದ್ದಾರೆ. ಇವತ್ತು ಆ ಪ್ರಶ್ನೆಯನ್ನು ತಿರುಗಿಸಿ ನಮ್ಮ ಜಿಲ್ಲೆಗೇ ಕೇಳಬಹುದು. ಸಕಲೇಶಪುರದ ಕಾಫಿ ತೋಟಕ್ಕೆ ಅಸ್ಸಾಮಿನಿಂದ ಬಂದವನು, ಅರಕಲಗೂಡಿನ ಶುಂಠಿಗೆ ಉತ್ತರ ಕರ್ನಾಟಕದಿಂದ ಗುಳೆ ಬಂದವನು, ಒಂದು ಕೇಸಿನಲ್ಲಿ ಸಿಕ್ಕಿದರೆ ಅವನಿಗೆ ಹಾಸನ ಜಿಲ್ಲೆಯ ಪಹಣಿ ಕೊಡುವವರು ಯಾರು?

ಮರುವರ್ಷ, 1979ರಲ್ಲಿ, ಹುಸೈನಾರಾ ಖಾತೂನ್ ಪ್ರಕರಣ. ಬಿಹಾರದ ಜೈಲುಗಳಲ್ಲಿ, ಆರೋಪ ಸಾಬೀತಾಗಿದ್ದರೆ ಆಗುತ್ತಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದವರ ಬಗ್ಗೆ ಪೊಲೀಸ್ ಅಧಿಕಾರಿಯಾಗಿದ್ದ ಕೆ.ಎಫ್. ರುಸ್ತಮ್‌ಜಿ ಪತ್ರಿಕೆಯಲ್ಲಿ ಬರೆದರು. ಅದನ್ನು ಓದಿದ ಪುಷ್ಪಾ ಕಪಿಲಾ ಹಿಂಗೋರಾನಿ ಎಂಬ ವಕೀಲೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಅವರಿಗೆ ಆ ಕೈದಿಗಳಲ್ಲಿ ಒಬ್ಬರೂ ಕಕ್ಷಿದಾರರಲ್ಲ, ಬಂಧುಬಳಗವೂ ಅಲ್ಲ. ಬೆಳಗಿನ ಪೇಪರು ಓದಿ ಎದ್ದು ಹೋದ ಒಬ್ಬ ವಕೀಲೆಯಿಂದ ಶೀಘ್ರ ವಿಚಾರಣೆ ಎನ್ನುವುದು ಈ ದೇಶದ ಬಡವನ ಮೂಲಭೂತ ಹಕ್ಕಾಯಿತು. ನಿಮ್ಮ ವೃತ್ತಿಗೆ ಇಂಥ ಪರಂಪರೆ ಇದೆ ಎಂಬ ಅಭಿಮಾನದಿಂದಲೇ ನಿಮ್ಮನ್ನು ಕೇಳುವ ಧೈರ್ಯ ಬಂದಿದೆ.

ಕಾನೂನು ಆಮೇಲೆ ಬಹಳ ದೂರ ಬಂದಿದೆ. ಜಾಮೀನು ಸಿಗಬಹುದಾದ ಅಪರಾಧದಲ್ಲಿ ಬಂಧನವಾಗಿ ಒಂದು ವಾರದೊಳಗೆ ಜಾಮೀನುದಾರನನ್ನು ಕೊಡಲಾಗದಿದ್ದರೆ ಅವನು ಬಡವನೆಂದೇ ತಿಳಿದು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆ ಯಾವ ಅಪರಾಧದಲ್ಲೂ ತಪ್ಪಿತಸ್ಥನೆಂದು ತೀರ್ಮಾನವಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೇ ಕಳೆದಿದ್ದರೆ ಬಿಡುಗಡೆಗೆ ಅರ್ಹ, ಉಳಿದವರು ಅರ್ಧ ಕಳೆದಿದ್ದರೆ. ಹಳೆಯ ಕೇಸುಗಳಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟು 2024ರ ಆಗಸ್ಟ್‌ನಲ್ಲಿ ಹೇಳಿತು. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಇಲ್ಲ. ಒಂದಕ್ಕಿಂತ ಹೆಚ್ಚು ಕೇಸಿದ್ದರೂ ಇಲ್ಲ. ಇನ್ನು ಜಾಮೀನು ಸಿಕ್ಕೂ ಹೊರಬಾರದವರ ವಿಷಯ. 2023ರ ಜನವರಿ 31ರ ನಿರ್ದೇಶನಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಡಿಸಿ ಹೇಳಿದೆ: ಏಳು ದಿನದೊಳಗೆ ಹೊರಬರದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದರೂ ಬಾಂಡು ಕೊಡಲಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತನ್ನು ಮರುಪರಿಶೀಲಿಸಬಹುದು, ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟ ಬಿಡುಗಡೆಗೆ ಅಡ್ಡಿಯಾಗುತ್ತಿರುವುದರಿಂದ ಅಂಥ ಕಡೆ ಆ ಷರತ್ತು ಹಾಕದಿರುವುದು ಒಳ್ಳೆಯದು. ಬಡ ಕೈದಿಗಳಿಗಾಗಿ ಕೇಂದ್ರ ಸರ್ಕಾರ ಅದೇ ವರ್ಷ ಒಂದು ಯೋಜನೆ ತಂದಿತು. ಆ ವರ್ಷದ ಮಾರ್ಗಸೂಚಿಯಂತೆ ವಿಚಾರಣಾಧೀನನೊಬ್ಬನ ಜಾಮೀನು ಹಣಕ್ಕೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದೆ ಒಳಗುಳಿದವನಿಗೆ 25,000 ರೂಪಾಯಿವರೆಗೆ ನೆರವು ನಿಗದಿಯಾಗಿತ್ತು. ಜಿಲ್ಲಾಧಿಕಾರಿ, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ, ಪೊಲೀಸ್ ಮುಖ್ಯಸ್ಥರು ಇರುವ ಸಮಿತಿ ಪ್ರತಿ ಜಿಲ್ಲೆಯಲ್ಲೂ ಇದನ್ನು ತೀರ್ಮಾನಿಸುತ್ತದೆ.

ಇದನ್ನೆಲ್ಲ ವಕೀಲರಿಗೆ ಹೇಳುವುದು ಅಧಿಕಪ್ರಸಂಗ ಎನಿಸಬಹುದು. ಆದರೆ ಆ ತಾಯಿಯ ಕವರಿನಲ್ಲಿ ಪಹಣಿ, ಫೋಟೋ, ರೇಷನ್ ಕಾರ್ಡು ಎಲ್ಲ ಇದ್ದವು. ಷರತ್ತು ಸಡಿಲಿಸಿ ಎಂದು ಕೇಳುವ ಒಂದು ಪುಟದ ಅರ್ಜಿ ಮಾತ್ರ ಇರಲಿಲ್ಲ. ಜಾಮೀನಿನ ಆದೇಶ ಬಂದ ದಿನ ವಕೀಲರ ಕೆಲಸ ಮುಗಿಯಿತು ಎಂಬ ರೂಢಿ ನಮ್ಮ ತಾಲ್ಲೂಕುಗಳಲ್ಲಿ ಬೇರು ಬಿಟ್ಟಿದೆ. ಫೀಸು ಬಂದಿರುವುದೂ ಅಲ್ಲಿಯವರೆಗೇ. ಕಷ್ಟ ನನಗೆ ಅರ್ಥವಾಗುತ್ತದೆ. ಕಿರಿಯ ವಕೀಲರು ಬೈಕಿನ ಪೆಟ್ರೋಲಿಗೂ ಲೆಕ್ಕ ಹಾಕುವ ಸ್ಥಿತಿಯಲ್ಲಿದ್ದಾರೆ. ಹೊಳೆನರಸೀಪುರದಿಂದಲೋ ಚನ್ನರಾಯಪಟ್ಟಣದಿಂದಲೋ ಮೂವತ್ತು ನಲವತ್ತು ಕಿಲೋಮೀಟರು ಹಾಸನಕ್ಕೆ ಹೋಗಿ, ಜೈಲಿನಲ್ಲಿ ಸಂದರ್ಶನಕ್ಕೆ ಕಾದು, ಕಕ್ಷಿದಾರನ ಮುಖ ನೋಡಿ ಬರುವುದೆಂದರೆ ಅರ್ಧ ದಿನದ ದುಡಿಮೆ ಹೋಯಿತು. ಈಗ ವಿಡಿಯೋ ಕಾನ್ಫರೆನ್ಸಿನಲ್ಲಿ ಹಾಜರುಪಡಿಸುವುದು ಹೆಚ್ಚಿದ ಮೇಲೆ ಕೋರ್ಟಿನ ಮೊಗಸಾಲೆಯಲ್ಲಿ ಎರಡು ನಿಮಿಷ ಮಾತನಾಡುವುದೂ ತಪ್ಪಿದೆ. ತನ್ನ ಕೇಸು ಯಾವ ಹಂತದಲ್ಲಿದೆ, ಮುಂದಿನ ವಾಯಿದೆ ಯಾವತ್ತು ಎಂಬುದನ್ನು ಒಳಗಿದ್ದವನು ಪಕ್ಕದ ಕೈದಿಯಿಂದ ಕೇಳಿ ತಿಳಿಯಬೇಕಾಗಿದೆ. ಆ ಪಕ್ಕದವನು ಹತ್ತು ಕೇಸು ಕಂಡ ಕಸುಬುದಾರನಾಗಿದ್ದರೆ ಹುಡುಗನಿಗೆ ಸಿಗುವ ವಿದ್ಯಾಭ್ಯಾಸ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಕ್ಕಟ್ಟಿನ ಜೈಲು ಮಾಡುವ ದೊಡ್ಡ ಅನಾಹುತವೇ ಇದು. ಮಲಗಲು ಜಾಗ ಸಾಲದ ಕಡೆ ಹೊಸಬನನ್ನೂ ಹಳಬನನ್ನೂ ಬೇರೆ ಇಡುವುದು ಹೇಗೆ? ಶೌಚಾಲಯದ ಸಾಲಿನಲ್ಲೇ ಬೆಳಗು ಮುಗಿಯುವ ಕಡೆ ಪಾಠಕ್ಕೆಂದು ಒಂದು ಕೋಣೆ ಬಿಡುವುದು ಹೇಗೆ?

ಇಲ್ಲಿಂದ ನನ್ನ ಕಸುಬಿನ ಮಾತಿಗೆ ಬರುತ್ತೇನೆ.

ನಮ್ಮ ರಾಜ್ಯದ ಕಾರಾಗೃಹಗಳಲ್ಲಿ ಒಳ್ಳೆಯ ಕೆಲಸ ನಡೆದಿಲ್ಲವೆಂದು ಯಾರೂ ಹೇಳಲಾರರು. ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳಿಂದ ನಾಟಕ ಮಾಡಿಸಿ ಜೈಲಿನ ಗೋಡೆಯಾಚೆಗೂ ಕರೆತಂದರು. ದೇವನಹಳ್ಳಿ ಬಳಿಯ ಕೋರಮಂಗಲದಲ್ಲಿ ಬಯಲು ಬಂದೀಖಾನೆ ಇದೆ, ಕೈದಿಗಳು ಅಲ್ಲಿ ಬೇಸಾಯ ಮಾಡುತ್ತಾರೆ. ಕೇಂದ್ರ ಕಾರಾಗೃಹಗಳಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಮೂಲಕ ಪದವಿ ಪಡೆದವರಿದ್ದಾರೆ. ಆದರೆ ಇವುಗಳ ಫಲ ಬಹುಮಟ್ಟಿಗೆ ಶಿಕ್ಷಾಬಂದಿಗಳಿಗೆ, ಅದರಲ್ಲೂ ದೀರ್ಘ ಶಿಕ್ಷೆಯವರಿಗೆ. ಪದವಿಗೆ ಮೂರು ವರ್ಷ ಬೇಕು, ನಾಟಕದ ತಾಲೀಮಿಗೆ ತಿಂಗಳುಗಳು ಬೇಕು. ನಾಳೆ ಬಿಡುಗಡೆಯಾಗಬಹುದಾದ ವಿಚಾರಣಾಧೀನನನ್ನು ಯಾರು ಯಾವ ತರಗತಿಗೆ ಸೇರಿಸುತ್ತಾರೆ? ಆ 'ನಾಳೆ' ಆರು ತಿಂಗಳಾದರೂ ಬರುವುದಿಲ್ಲ. ನಾಲ್ವರಲ್ಲಿ ಮೂವರು ಹೀಗೆ ಗೋಡೆ ನೋಡುತ್ತಾ ಕೂತಿರುತ್ತಾರೆ.

ಈ ಹೇಮಾವತಿ ಸೀಮೆಯವರಿಗೆ ಜೈಲು ಅಪರಿಚಿತವಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು 1942ರ ಚಳವಳಿಯಲ್ಲಿ ಸೆರೆಮನೆ ಕಂಡವರು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿದ್ದವರು. ಅಂಥವರಿಗೆ ಅಲ್ಲಿ ಪುಸ್ತಕ ಸಿಕ್ಕರೆ ಸಾಕಿತ್ತು, ಓದು ಬರುತ್ತಿತ್ತು. ಹೊರಗೆ ಅವರಿಗಾಗಿ ಕಾಯುವ ಜನ ಇದ್ದರು. ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿದ ಹುಡುಗನಿಗೆ ಆ ಎರಡೂ ಇಲ್ಲ.

ಬ್ರೆಜಿಲ್ ದೇಶದ ಏರ್ಪಾಡೊಂದನ್ನು ಹೇಳಬೇಕೆನಿಸುತ್ತದೆ. ಅಲ್ಲಿ 2011ರ ಕಾನೂನಿನಂತೆ ಹನ್ನೆರಡು ಗಂಟೆ ಪಾಠ ಕಲಿತರೆ ಶಿಕ್ಷೆಯಲ್ಲಿ ಒಂದು ದಿನ ಕಡಿತ. ವಿಚಾರಣೆ ಮುಗಿಯದೆ ಒಳಗಿರುವವರಿಗೂ ಇದು ಉಂಟು: ಶಿಕ್ಷೆಯಾದರೆ ಕಲಿತ ದಿನಗಳು ಲೆಕ್ಕಕ್ಕೆ ಬರುತ್ತವೆ. ಕಾಯುವ ಕಾಲವೂ ಮನುಷ್ಯನ ಆಯುಷ್ಯವೇ ಎಂದು ಒಪ್ಪಿಕೊಂಡ ಕಾನೂನು ಅದು. ನಮ್ಮಲ್ಲಿ ಅಂಥದ್ದು ಬರುವವರೆಗೆ ಕಾಯಬೇಕಾಗಿಲ್ಲ. ಲೋಕ ಶಿಕ್ಷಣ ನಿರ್ದೇಶನಾಲಯದ 'ಬಾಳಿಗೆ ಬೆಳಕು' ಪ್ರೈಮರ್ ಇದೆ. ಎಸ್ಸೆಸ್ಸೆಲ್ಸಿಗೆ ಖಾಸಗಿ ಅಭ್ಯರ್ಥಿಯಾಗಿ ಕೂರಬಹುದು, ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ನಿವೃತ್ತ ಮೇಷ್ಟ್ರುಗಳು, ಮೇಡಂಗಳು ಈ ನಾಲ್ಕು ಊರುಗಳಲ್ಲಿ ಬೇಕಾದಷ್ಟು ಇದ್ದೇವೆ.

ಮೂರು ತಿಂಗಳಲ್ಲಿ ಒಬ್ಬ ದೊಡ್ಡವನಿಗೆ ಏನು ಕಲಿಸಬಹುದು ಎಂದು ಕೇಳಿದರೆ ಅನುಭವದಿಂದ ಹೇಳಬಲ್ಲೆ. ವಯಸ್ಕರ ಶಿಕ್ಷಣದ ಕಾಲದಲ್ಲಿ ಸಂಜೆ ತರಗತಿ ನಡೆಸಿದವನು ನಾನು. ಮಕ್ಕಳಿಗೆ ಕಲಿಸಿದಂತೆ ಅ ಆ ಇ ಈ ಹಿಡಿದು ಕೂತರೆ ಅವರು ಎರಡನೇ ದಿನಕ್ಕೆ ಬರುವುದಿಲ್ಲ. ಹೆಸರಿನಿಂದ ಶುರು ಮಾಡಬೇಕು. ಒಬ್ಬ ಎತ್ತಿನ ಗಾಡಿಯವನು ತನ್ನ ಹೆಸರಿನ ಮೂರು ಅಕ್ಷರ ಬರೆಯಲು ಬಳಪವನ್ನು ಬಾರುಕೋಲು ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿದಿದ್ದ. ನಾಲ್ಕನೇ ದಿನ ಬೆರಳು ಸಡಿಲವಾದವು. ವಾರ ಕಳೆಯುವಷ್ಟರಲ್ಲಿ ಹೆಂಡತಿಯ ಹೆಸರು, ಊರಿನ ಹೆಸರು ಬರೆದ. ಜೈಲಿನಲ್ಲಾದರೆ ಮೊದಲು ಅವನ ಹೆಸರು, ಆಮೇಲೆ ಕೇಸಿನ ನಂಬರು, ವಾಯಿದೆ ದಿನಾಂಕ, ತನ್ನ ಮೇಲೆ ಹಾಕಿದ ಕಲಮು, ಬಸ್ಸಿನ ಬೋರ್ಡು, ಕೂಲಿ ಲೆಕ್ಕ, ಬ್ಯಾಂಕಿನ ಚಲನ್. ತನ್ನ ಕೇಸಿನ ಕಾಗದ ತಾನೇ ಓದಬಲ್ಲವನು ನಿಮ್ಮನ್ನು ಕೇಳುವ ಪ್ರಶ್ನೆಯೂ ಬದಲಾಗುತ್ತದೆ. ಈಗ ಅವನು 'ಯಾವಾಗ ಬಿಡ್ತಾರೆ ಸಾರ್' ಎನ್ನುತ್ತಾನೆ. ಆಗ 'ನನ್ನ ಷರತ್ತು ಕಡಿಮೆ ಮಾಡಲು ಅರ್ಜಿ ಹಾಕಿದ್ರಾ ಸಾರ್' ಎನ್ನುತ್ತಾನೆ. ಜೈಲಿನ ಕಲಿಕೆಯೂ ಜೈಲಿನ ಇಕ್ಕಟ್ಟೂ ಬೇರೆ ಬೇರೆ ಇಲಾಖೆಯ ವಿಷಯಗಳೆಂದು ನಾನು ಒಪ್ಪದಿರುವುದು ಇದಕ್ಕೇ. ಓದು ಬಾರದವನೇ ಹೆಚ್ಚು ದಿನ ಒಳಗಿರುತ್ತಾನೆ.

ಇನ್ನೊಂದು ಮಾತು. ಒಳಗೆ ಪಾಠಕ್ಕೆ ಸೇರಿದವನು ನಡುವೆ ಬಿಡುಗಡೆಯಾದರೆ ಕಲಿಕೆ ಅಲ್ಲಿಗೆ ನಿಲ್ಲಬಾರದು. ಅರಕಲಗೂಡಿನ ಹುಡುಗ ಹೊರಬಂದರೆ ಅರಕಲಗೂಡಿನಲ್ಲೇ ಅವನನ್ನು ಪರೀಕ್ಷೆಗೆ ಕೂರಿಸುವ ಮೇಷ್ಟ್ರೊಬ್ಬರು ಇರಬೇಕು. ಹೊರಬಂದವನಿಗೆ ಕೆಲಸ ಕೊಡಲು ಊರು ಹಿಂಜರಿಯುತ್ತದೆ, ನಂಟರು ದೂರ ಇಡುತ್ತಾರೆ. ಆಗ ಅವನ ಕೈ ಹಿಡಿಯುವವರು ಬಹಳ ಸಲ ಜೈಲಿನಲ್ಲಿ ಸಿಕ್ಕಿದ ಗೆಳೆಯರೇ. ಅವರಿಗಿಂತ ಮೊದಲು ಬೇರೆ ಯಾರಾದರೂ ಅವನ ಮನೆ ಬಾಗಿಲಿಗೆ ಹೋಗಿರಬೇಕು. ಅದಕ್ಕಿಂತ ಒಳ್ಳೆಯದು ಅಂಥವನು ಜೈಲಿಗೇ ಹೋಗದಿರುವುದು: ಮೊದಲ ಸಲ ತಪ್ಪಿದ ಚಿಕ್ಕ ಅಪರಾಧಿಗಳನ್ನು ಜೈಲಿಗೆ ಕಳಿಸದೆ ಸನ್ನಡತೆಯ ಮೇಲೆ ಬಿಡಬಹುದೆಂದು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಹೇಳುತ್ತದೆ. ಹೊಸ ಭಾರತೀಯ ನ್ಯಾಯ ಸಂಹಿತೆ ಸಣ್ಣಪುಟ್ಟ ಕೆಲವು ಅಪರಾಧಗಳಿಗೆ ಸಮುದಾಯ ಸೇವೆಯನ್ನೇ ಶಿಕ್ಷೆಯಾಗಿ ಇಟ್ಟಿದೆ. ಶಿಕ್ಷೆಯ ಪ್ರಮಾಣದ ಮೇಲೆ ವಾದ ಮಾಡುವಾಗ ಇವೆರಡನ್ನೂ ತಪ್ಪದೆ ಕೇಳಿ.

ಕಳ್ಳತನವಾದ ರೈತನ ಪಾಡೇನು ಎಂದು ಕೆಲವರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಬೇಸಿಗೆಯಲ್ಲಿ ಮೋಟಾರು ಕಳೆದುಕೊಂಡವನ ಬೆಳೆ ಒಣಗಿ ಹೋಗುತ್ತದೆ, ಅವನ ಸಂಕಟ ಸಣ್ಣದಲ್ಲ. ಅವನಿಗೆ ಬೇಕಾದದ್ದು ಮೋಟಾರು ವಾಪಸ್ ಬರುವುದು, ಕೇಸು ಬೇಗ ಮುಗಿಯುವುದು. ಆರೋಪಿ ಜಾಮೀನುದಾರನಿಲ್ಲದೆ ಹಾಸನದಲ್ಲಿ ಕೂತಿದ್ದರೆ ಆ ರೈತನಿಗೆ ಎರಡೂ ಸಿಗುವುದಿಲ್ಲ. ಹೆಣ್ಣುಮಕ್ಕಳ ಮೇಲೆ ಕೈಮಾಡಿದವರನ್ನು, ಕೊಲೆಗಾರರನ್ನು ಬಿಡಿ ಎಂದು ಈ ಪತ್ರ ಕೇಳುತ್ತಿಲ್ಲ. ನ್ಯಾಯಾಲಯವೇ ಬಿಡಬಹುದು ಎಂದ ಮೇಲೂ ಒಳಗೇ ಉಳಿದವರ ಬಗ್ಗೆ ಕೇಳುತ್ತಿದೆ.

ನಾಲ್ಕು ಊರಿನ ವಕೀಲರ ಸಂಘಗಳಿಗೂ ನನ್ನ ಬಿನ್ನಹ ಇಷ್ಟು. ಪ್ರತಿ ಸಂಘವೂ ಪ್ರತಿ ತಿಂಗಳು ತನ್ನ ಊರಿನ ನ್ಯಾಯಾಲಯಗಳಲ್ಲಿ ಜಾಮೀನು ಪಡೆದೂ ಹೊರಬಾರದವರ ಪಟ್ಟಿಯನ್ನು ಕಾನೂನು ಸೇವಾ ಪ್ರಾಧಿಕಾರದಿಂದ ಕೇಳಿ ಪಡೆಯಲಿ. ಇಬ್ಬರು ವಕೀಲರು ಸರದಿಯ ಮೇಲೆ ಆ ಪಟ್ಟಿಯಲ್ಲಿದ್ದವರನ್ನು ಜೈಲಿಗೆ ಹೋಗಿ ಮಾತನಾಡಿಸಿ, ಷರತ್ತು ಸಡಿಲಿಕೆಗೋ ಸ್ವಂತ ಮುಚ್ಚಳಿಕೆಗೋ ಅರ್ಜಿ ಹಾಕಲಿ. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲೇ ಇದೆ; 15100ಕ್ಕೆ ಕರೆ ಮಾಡಿದರೂ ಸಿಗುತ್ತದೆ ಎಂಬುದನ್ನು ಕೋರ್ಟ್ ಆವರಣದಲ್ಲಿ, ಆ ಹೊಂಗೆ ಮರದಂಥ ಜಾಗದಲ್ಲಿ, ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಿ ಹಾಕಿ. ವಿಚಾರಣಾಧೀನರ ಪರಿಶೀಲನಾ ಸಮಿತಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಸೇರುವ ಮೊದಲು ನಿಮ್ಮ ಪಟ್ಟಿ ಅದರ ಮೇಜಿನ ಮೇಲಿರಲಿ.

ನಮ್ಮ ಪಾಲಿನದನ್ನು ನಾವು ಮಾಡುತ್ತೇವೆ. ಜೈಲಿನೊಳಗೆ ಹೋಗಿ ಪಾಠ ಹೇಳಲು ಕಾರಾಗೃಹ ಇಲಾಖೆಯ ಅನುಮತಿ ಬೇಕು. ಆ ಅರ್ಜಿಯನ್ನು ನಾವು ಮೇಷ್ಟ್ರುಗಳೇ ಬರೆದರೆ ಅದು ಯಾವುದೋ ಕಡತದಲ್ಲಿ ಸೇರಿಹೋಗುತ್ತದೆ. ವಕೀಲರ ಸಂಘದ ಲೆಟರ್‌ಹೆಡ್ಡಿನಲ್ಲಿ, ಕಾನೂನು ಸೇವಾ ಪ್ರಾಧಿಕಾರದ ಮೂಲಕ ಹೋದರೆ ಉತ್ತರ ಬರುತ್ತದೆ. ಕರಡು ನಾನು ಸಿದ್ಧ ಮಾಡಿಟ್ಟಿದ್ದೇನೆ. ನಾಲ್ಕು ಸಂಘಗಳ ಅಧ್ಯಕ್ಷರ ಸಹಿಗೆ ಅದನ್ನು ಹಿಡಿದು ಮೊದಲು ಹೊಳೆನರಸೀಪುರಕ್ಕೆ, ಅಲ್ಲಿಂದ ಅರಕಲಗೂಡು, ಚನ್ನರಾಯಪಟ್ಟಣಕ್ಕೆ ಬರುತ್ತೇನೆ. ಕಲಾಪ ಮುಗಿದ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಮೇಷ್ಟ್ರು, ಹಾಸನ